ನನಗೊಂದು ದೊಡ್ಡ ಡ್ರಮ್ ಬೇಕು

ನನ್ನ ಜೊತೆ ಪೇಟೆಗೆ ಬರಲು ನಮ್ಮ ಮನೆಯವರು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಂತ ನಮ್ಮಿಬ್ಬರಲ್ಲಿ ಜಗಳವೇನೂ ಇಲ್ಲ. ನಾನು ಬದನೆಕಾಯಿ ಆರಿಸುವುದರಲ್ಲಿ ಸಂಜೆ ಕಳೆಯುತ್ತೇನೆ ಎಂಬುದೂ ಕಾರಣವಲ್ಲ. ಕಾರಣ ನನ್ನ ಕಾಲು. ಪಕ್ಕದಲ್ಲಿ ಯಾರೇ ನಡೆಯುತ್ತಿರಲಿ, ಅದು ತಾನಾಗಿ ಅವರ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತದೆ. ಅವರ ಎಡಗಾಲು ಮುಂದೆ ಬಂದಾಗ ನನ್ನದೂ ಎಡವೇ ಬರಬೇಕು. ತಪ್ಪಿತೋ, ನಡೆಯುತ್ತಲೇ ಪುಟ್ಟದೊಂದು ಕುಪ್ಪಳಿಕೆ ಹಾಕಿ ಸರಿಪಡಿಸಿಕೊಳ್ಳುತ್ತೇನೆ. ಮೊನ್ನೆ ನರಗುಂದದ ಪೇಟೆಯಲ್ಲಿ ಹೀಗೇ ಕುಪ್ಪಳಿಸಿದಾಗ ಎದುರು ಬಂದ ಪರಿಚಯದ ಹೆಂಗಸು ನಿಂತು, "ಯಾಕ್ರೀ ಟೀಚರ್, ಚಪ್ಪಲ್ಯಾಗ ಕಲ್ಲ ಹೊಕ್ಕೈತೇನ್ರಿ?" ಎಂದು ಕೇಳಿದಳು. ನಮ್ಮ ಮನೆಯವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ, "ಕಲ್ಲ ಅಲ್ರೀ, ಬ್ಯಾಂಡ ಹೊಕ್ಕೈತಿ. ಹೊಕ್ಕು ಭಾಳ ವರ್ಷಾತು" ಎಂದರು.

ಅವರ ಮಾತು ಖರೆ. ಆದರೆ ಅವರು ಹೇಳಿದಷ್ಟು ಸಲೀಸಾಗಿ ಅದು ಹೊಕ್ಕಿದ್ದಲ್ಲ. ನಾನೇ ಅದರ ಬೆನ್ನು ಹತ್ತಿ, ಬೈಸಿಕೊಂಡು, ನಗಿಸಿಕೊಂಡು, ಒಮ್ಮೆ ಹೊರಗೆ ಹಾಕಿಸಿಕೊಂಡು, ಮತ್ತೆ ಹೋಗಿ ಒಳಗೆ ನುಗ್ಗಿದ್ದು. ಇವತ್ತು ಅದನ್ನೇ ಹೇಳುತ್ತೇನೆ, ಕೇಳಿ.

ನಮ್ಮದು ಗಜೇಂದ್ರಗಡ. ಅಪ್ಪ ಮತ್ತು ದೊಡ್ಡಪ್ಪ ಕೂಡಿ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿ ಸೀರೆ ಅಂಗಡಿ ಇಟ್ಟಿದ್ದಾರೆ. ಅಜ್ಜನ ಕಾಲದ ಅಂಗಡಿ. ಒಳಗೆ ಗಾದಿಯ ಮೇಲೆ ಕೂತು ಮಾತಾಡುವವರು ದೊಡ್ಡಪ್ಪ. ಕಪಾಟಿನಿಂದ ಸೀರೆ ಇಳಿಸಿ, ಬಿಚ್ಚಿ ತೋರಿಸಿ, ಮತ್ತೆ ಮಡಿಚಿ ಇಡುವವರು ಅಪ್ಪ. ದೊಡ್ಡಪ್ಪನ ದನಿ ಬಸ್ಸಿನ ಹಾರ್ನಿಗೂ ಬಗ್ಗುವಂಥದ್ದಲ್ಲ. ಅಪ್ಪನದು ಸೀರೆ ಮಡಿಚುವಾಗ ಆಗುವ ಸಪ್ಪಳದಷ್ಟೇ. ಚಿಕ್ಕವಳಿದ್ದಾಗ ನನಗೆ ಅನಿಸುತ್ತಿತ್ತು, ಮನೆಗೆ ಬೇಕಾದ ಮಾತನ್ನೆಲ್ಲ ದೊಡ್ಡಪ್ಪ ಒಬ್ಬರೇ ಆಡಿ ಮುಗಿಸುವುದರಿಂದ ಅಪ್ಪನ ಪಾಲಿಗೆ ಏನೂ ಉಳಿಯುವುದಿಲ್ಲ ಎಂದು.

ಹೈಸ್ಕೂಲಿನಲ್ಲಿ ಒಂದು ಬ್ಯಾಂಡ್ ಇತ್ತು. ಸ್ವಾತಂತ್ರ್ಯ ದಿನದ ಪ್ರಭಾತಫೇರಿಗೆ, ಕ್ರೀಡಾಕೂಟಕ್ಕೆ ಬಾರಿಸುವುದಕ್ಕೆ ನಾಲ್ಕಾರು ಸಣ್ಣ ಡ್ರಮ್, ಒಂದಿಷ್ಟು ಕೊಳಲು, ಎಲ್ಲಕ್ಕೂ ನಡುವೆ ಒಂದು ದೊಡ್ಡ ಡ್ರಮ್. ಗಿಡ್ಡಿ ಎಂದು ನನ್ನ ಕೈಗೆ ಕೊಳಲು ಕೊಟ್ಟು ಸಾಲಿನ ತುದಿಗೆ ನಿಲ್ಲಿಸಿದ್ದರು. ನಾನು ಊದಿದರೆ ಕೊಳಲಿನಿಂದ ಗಾಳಿ ಬರುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ಒಂದು ವರ್ಷ ದೊಡ್ಡ ಡ್ರಮ್ಮಿನ ಹುಡುಗನಿಗೆ ಹಿಂದಿನ ದಿನವೇ ಜ್ವರ ಬಂತು. ಸರ್ ಯಾರನ್ನು ನಿಲ್ಲಿಸಲಿ ಎಂದು ನೋಡುತ್ತಿರುವಾಗ ನಾನು ಕೇಳದೆಯೇ ಹೋಗಿ ಅದರ ಪಟ್ಟಿಯೊಳಗೆ ತಲೆ ತೂರಿಸಿಬಿಟ್ಟೆ. ಸಣ್ಣ ಡ್ರಮ್ಮಿನ ಸದ್ದು ಕಿವಿಗೆ ಕೇಳಿಸುತ್ತದೆ. ದೊಡ್ಡದರ ಸದ್ದು ಹೊಟ್ಟೆಗೆ ಕೇಳಿಸುತ್ತದೆ. ಮೊದಲ ಪೆಟ್ಟು ಬಿದ್ದಾಗ ನನ್ನ ಪಕ್ಕೆಲುಬು ಝುಮ್ಮೆಂದವು. ಹಿಂದಿದ್ದ ಅಷ್ಟೂ ಮಂದಿಯ ಕಾಲು ನನ್ನ ಪೆಟ್ಟಿಗೆ ನೆಲಕ್ಕೆ ಬಿದ್ದವು. ಮನೆಯಲ್ಲಿ ಯಾರೂ ನನ್ನ ಮಾತಿಗೆ ತಟ್ಟೆ ಕೂಡ ಸರಿಸುತ್ತಿರಲಿಲ್ಲ. ಇಲ್ಲಿ ನೋಡಿದರೆ ಇಡೀ ಬೀದಿಯೇ ನನ್ನ ಕೈ ನೋಡಿ ನಡೆಯುತ್ತಿತ್ತು! ಅವತ್ತೇ ತಲೆ ಕೆಟ್ಟಿತು.

ಪದವಿಗೆ ರೋಣದ ಕಾಲೇಜು ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಎರಡನೆಯ ವರ್ಷದಲ್ಲಿ ನಮ್ಮ ದೈಹಿಕ ಶಿಕ್ಷಣದ ಸರ್ ತರಗತಿಗೆ ಬಂದು, ವಿಶ್ವವಿದ್ಯಾಲಯದ ಬ್ಯಾಂಡಿಗೆ ಹುಡುಗ ಹುಡುಗಿಯರನ್ನು ಆರಿಸುತ್ತಾರೆ, ಯಾರಿಗೆ ಮನಸ್ಸಿದೆ ಎಂದು ಕೇಳಿದರು. ಆ ಬ್ಯಾಂಡು ಸಾಮಾನ್ಯದ್ದಲ್ಲ. ಘಟಿಕೋತ್ಸವದ ದಿನ ಕುಲಪತಿಗಳ ಮುಂದೆ ನಡೆಯುವುದು ಅದೇ. ಬೇರೆ ವಿಶ್ವವಿದ್ಯಾಲಯಗಳ ಎದುರು ಸ್ಪರ್ಧೆಗೆ ಹೋಗುವುದೂ ಅದೇ. ಎಲ್ಲ ಕಾಲೇಜುಗಳಿಂದ ಮಂದಿ ಮುಗಿಬೀಳುತ್ತಾರೆ. ಕಹಳೆ, ಕೊಳಲು, ಸಣ್ಣ ಡ್ರಮ್ಮುಗಳಿಗೆ ಹಲವು ಜಾಗ. ದೊಡ್ಡ ಡ್ರಮ್ಮಿಗೆ ಒಂದೇ.

ಅವತ್ತು ಸಂಜೆ ಮನೆಗೆ ಬಂದು ಅವ್ವನಿಗೆ, "ನನಗೊಂದು ದೊಡ್ಡ ಡ್ರಮ್ ಬೇಕವಾ" ಎಂದೆ. ನಮ್ಮೂರಿನಲ್ಲಿ ಡ್ರಮ್ ಎಂದರೆ ನೀರು ತುಂಬುವ ನೀಲಿ ಪ್ಲಾಸ್ಟಿಕ್ ಡ್ರಮ್. ನಳದಲ್ಲಿ ನೀರು ಬಿಡುವುದು ಯಾವಾಗಲೋ ಒಮ್ಮೆಯಾದ್ದರಿಂದ ಪ್ರತಿ ಮನೆಯ ಹಿತ್ತಿಲಲ್ಲೂ ಅವು ಸಾಲಾಗಿ ಕೂತಿರುತ್ತವೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಇದ್ದವು ಸಾಲಂಗಿಲ್ಲೇನ? ಮತ್ತೊಂದು ತಂದು ಎಲ್ಲಿ ಇಡ್ಲಿ?" ಎಂದಳು.

"ನೀರಿಂದಲ್ಲವಾ, ಬಾರ್ಸೂದು."

ಅವ್ವನ ಕೈ ನಿಂತಿತು. ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳು ಏನಾದರೂ ಹೇಳುವ ಮೊದಲೇ ಪಡಸಾಲೆಯಿಂದ ದೊಡ್ಡಪ್ಪನ ದನಿ ಬಂತು.

"ಏನಂದಿ? ಡೋಲು? ಹೆಣ್ಣ ಹುಡುಗಿ ಹೊಟ್ಟಿಗಿ ಡೋಲ ಕಟಗೊಂಡು ಬೀದ್ಯಾಗ ಹೊಂಟ್ರ, ನಮ್ಮ ಅಂಗಡಿಗಿ ಬರೋ ಮಂದಿ ಏನ ತಿಳ್ಕೊಂಡಾರು? ನಮ್ಮ ಮನಿತಾನದಾಗ ಡೋಲ ಬಡದವ್ರು ಯಾರರ ಅದಾರೇನು?"

"ನಾನ ಮೊದಲ್ನೇಕಿ ಆಗ್ತೀನ್ರಿ ದೊಡ್ಡಪ್ಪಾ" ಎಂದೆ.

ನಾನು ಅಪ್ಪನ ಕಡೆ ನೋಡಿದೆ. ಅವರು ಹೆಗಲ ಮೇಲಿನ ಟವೆಲನ್ನು ತೆಗೆದು, ಸೀರೆಯೋ ಎಂಬಂತೆ ಮಡಿಕೆ ಹಿಡಿದು ಮಡಿಚುತ್ತ ಕೂತರು.

ಆ ವರ್ಷ ಕಾಲೇಜಿನ ಸರ್ ಜೊತೆ, ಉಳಿದ ಹುಡುಗಿಯರ ಗುಂಪಿನಲ್ಲಿ ಹೋದೆ. ನನ್ನ ತಯಾರಿ ಎಂದರೆ ಹೈಸ್ಕೂಲಿನ ಆ ಒಂದು ಮುಂಜಾನೆ ಮತ್ತು ಬೇಕಾದಷ್ಟು ಧೈರ್ಯ. ವಿಶ್ವವಿದ್ಯಾಲಯದ ಮೈದಾನದಲ್ಲಿ ನನ್ನ ಹೊಟ್ಟೆಗೆ ಡ್ರಮ್ ಕಟ್ಟಿದರು. ಅದು ಶಾಲೆಯದರ ಅಣ್ಣ. ಅದರ ಮೇಲಂಚು ನನ್ನ ಮೂಗಿಗೆ ಬಂತು. ಅದರ ಹಿಂದೆ ನಿಂತರೆ ನನಗೆ ಕಾಣುತ್ತಿದ್ದುದು ಆಕಾಶ ಮಾತ್ರ. ಮೆರವಣಿಗೆಯ ಬ್ಯಾಂಡಿನಲ್ಲಿ ಬಾಯಿಂದ ಆಜ್ಞೆ ಕೊಡುವುದಿಲ್ಲ, ಕೊಟ್ಟರೂ ಕೇಳಿಸುವುದಿಲ್ಲ. ಎಲ್ಲರಿಗಿಂತ ಮುಂದೆ ನಡೆಯುವ ನಾಯಕ ತನ್ನ ಕೈಯ ಉದ್ದನೆಯ ಬೆಳ್ಳಿ ಬಣ್ಣದ ಕೋಲನ್ನು ಎತ್ತಿ, ಓರೆ ಮಾಡಿ ತೋರಿಸುತ್ತಾನೆ; ಅದನ್ನು ನೋಡಿ ತಿರುಗಬೇಕು, ನಿಲ್ಲಬೇಕು. ಇದನ್ನು ಮೊದಲೇ ಹೇಳಿದ್ದರು. ಆದರೆ ಕೋಲು ಕಂಡರೆ ತಾನೆ!

ನಡೆಯಲು ಶುರುಮಾಡಿದೆವು. ನನ್ನ ಪೆಟ್ಟು ಚೆನ್ನಾಗಿಯೇ ಬೀಳುತ್ತಿತ್ತು. ಬರುಬರುತ್ತ ಅದು ಬಹಳ ಚೆನ್ನಾಗಿ, ಒಂಟಿಯಾಗಿ ಕೇಳಿಸತೊಡಗಿತು. ಉಳಿದವರ ಸದ್ದೆಲ್ಲ ದೂರ ಹೋದಂತಾಯಿತು. ನನ್ನ ಬಾರಿಸುವಿಕೆಗೆ ಬೆರಗಾಗಿ ಎಲ್ಲರೂ ಮೆಲ್ಲಗೆ ಬಾರಿಸುತ್ತಿದ್ದಾರೆ ಎಂದುಕೊಂಡೆ. ಯಾರೋ ಓಡಿಬಂದು ನನ್ನ ತೋಳು ಹಿಡಿದು ನಿಲ್ಲಿಸಿದರು. ಪಕ್ಕಕ್ಕೆ ಇಣುಕಿದರೆ ಬ್ಯಾಂಡು ಬಲಕ್ಕೆ ತಿರುಗಿ ಮೈದಾನದ ಆ ತುದಿಯಲ್ಲಿತ್ತು. ನಾನೊಬ್ಬಳೇ ನೆಟ್ಟಗೆ ನಡೆದು, ಸಾಲಾಗಿ ನಿಲ್ಲಿಸಿದ್ದ ಮೋಟಾರ್ ಸೈಕಲ್ಲುಗಳಿಗೆ ಬಾರಿಸಿ ತೋರಿಸುತ್ತಿದ್ದೆ. ಇಡೀ ಮೈದಾನ ನಕ್ಕಿತು. ನಾನೂ ನಕ್ಕೆ. ನಗದೆ ಇದ್ದರೆ ಅಳು ಬರುತ್ತಿತ್ತು.

ಬ್ಯಾಂಡ್ ಮಾಸ್ತರರು ಸೈನ್ಯದಿಂದ ನಿವೃತ್ತರಾಗಿ ಬಂದವರು. ನರೆತ ಮೀಸೆ, ಕಬ್ಬಿಣದ ಸಲಾಕೆಯಂಥ ಬೆನ್ನು. ನಗದೆ ಇದ್ದವರು ಅವರೊಬ್ಬರೇ. "ಡ್ರಮ್ಮಿಗಿಂತ ಎತ್ತರ ಇದ್ದವ್ರು ಬೇಕವಾ ಇದಕ್ಕ. ಬ್ಯಾಸರ ಮಾಡ್ಕೋಬ್ಯಾಡ" ಎಂದರು.

"ಸರ್, ಎತ್ತರ ಆಗಾಕ ಈಗ ನನ್ನ ಕಡಿಂದ ಆಗಂಗಿಲ್ರಿ. ಬ್ಯಾರೆ ಏನ ಕಲೀಬೇಕು ಹೇಳ್ರಿ, ಕಲ್ತ ಬರ್ತೀನಿ."

ಅವರು ನನ್ನ ಹೆಗಲಿಂದ ಡ್ರಮ್ಮಿನ ಪಟ್ಟಿ ಬಿಚ್ಚುತ್ತ ಹೇಳಿದರು: "ಮುಂದ ಕಾಣ್ಲಿಲ್ಲಂದ್ರ ಬಾಜೂಕ ನೋಡೂದು ಕಲಿ. ಅದಕ್ಕಿಂತ ಮೊದ್ಲ ಒಂದ ತಿಳ್ಕೊ. ದೊಡ್ಡ ಡ್ರಮ್ಮಿನ ಕೆಲಸ ಸಪ್ಪಳ ಮಾಡೂದಲ್ಲ. ಎಲ್ಲಾರ ಕಾಲು ನಿನ್ನ ಕೈಯಾಗ ಇರ್ತಾವು. ಉಳದವ್ರು ತಾಳ ಬಿಟ್ಟು ಓಡಿದ್ರೂ ನೀ ಓಡೂ ಹಂಗಿಲ್ಲ."

ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಗೆಳತಿಯರು ಮೋಟಾರ್ ಸೈಕಲ್ಲಿನ ಕಥೆಯನ್ನು ಹೇಳಿ ಹೇಳಿ ನಕ್ಕರು. ನಾನು ಕಿಟಕಿಯ ಹೊರಗೆ ನೋಡುತ್ತ, ಹಾದುಹೋಗುವ ಬೇವಿನ ಗಿಡಗಳನ್ನು ತಲೆ ಹೊರಳಿಸದೆ ಕಣ್ಣಂಚಿನಿಂದಲೇ ಹಿಡಿಯಲು ನೋಡುತ್ತಿದ್ದೆ.

ಅಭ್ಯಾಸಕ್ಕೆ ಡ್ರಮ್ ಬೇಕಲ್ಲ? ಹಿತ್ತಿಲಲ್ಲಿ ಸೋರುವ ನೀರಿನ ಡ್ರಮ್ ಒಂದಿತ್ತು. ಅವ್ವ ಅದನ್ನು ಬೂದಿ ತುಂಬಲು ಇಟ್ಟುಕೊಂಡಿದ್ದಳು. ಅವಳು ರಾಜೂರಿಗೆ ಅಜ್ಜಿಯ ಮನೆಗೆ ಹೋದ ದಿನ ಅದನ್ನು ಗರಗಸದಿಂದ ಅರ್ಧಕ್ಕೆ ಕೊಯ್ದೆ. ಹಳೆಯ ಸೀರೆ ಹರಿದು ಪಟ್ಟಿ ಮಾಡಿ ಹೊಟ್ಟೆಗೆ ಬಿಗಿದುಕೊಂಡು, ಲಟ್ಟಣಿಗೆಗೆ ಬಟ್ಟೆ ಸುತ್ತಿ ಕೋಲು ಮಾಡಿಕೊಂಡು ಮಾಳಿಗೆ ಹತ್ತಿದೆ. ಮರುದಿನ ಬೆಳಗಿನ ಆರರ ಹೊತ್ತು. ನಾಲ್ಕು ಪೆಟ್ಟು ಹಾಕಿದ್ದೆನೋ ಇಲ್ಲವೋ, ಓಣಿಯ ಬಾಗಿಲುಗಳೆಲ್ಲ ತೆರೆದವು. ಖಾಲಿ ಡ್ರಮ್ಮಿನ ಸದ್ದು ಕೇಳಿ, ನಳಕ್ಕೆ ನೀರು ಬಂತೆಂದು ಹೆಂಗಸರು ಕೊಡ ಹಿಡಿದು ಹೊರಗೆ ಓಡಿಬಂದಿದ್ದರು. ಆಮೇಲೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಅವ್ವ ವಾಪಸು ಬಂದು ಅರ್ಧ ಡ್ರಮ್ ನೋಡಿ, "ಬೂದಿ ನಿನ್ನ ತಲಿ ಮ್ಯಾಲ ಸುರೀಲೇನ?" ಎಂದಳು. ಉಳಿದರ್ಧ ಡ್ರಮ್ಮಿನಲ್ಲೇ ಬೂದಿ ತುಂಬಿ ಇಟ್ಟಳು. ನನ್ನರ್ಧವನ್ನು ಮಾತ್ರ ಬಿಸಾಡಲಿಲ್ಲ.

ಒಂದೇ ವೇಗದಲ್ಲಿ ಬಾರಿಸುವುದನ್ನು ಕಲಿತದ್ದು ಓಣಿಯ ಮಗ್ಗದ ಜೊತೆ. ನಮ್ಮ ಹಿಂದಿನ ಮನೆಯಲ್ಲಿ ಕೈಮಗ್ಗವಿತ್ತು. ಬೆಳಗಾದರೆ ಖಟ್ ಖಟ್ ಶುರು. ಆ ಸದ್ದಿಗೆ ಮಾಳಿಗೆಯ ಮೇಲೆ ಹೆಜ್ಜೆ ಹಾಕುತ್ತಿದ್ದೆ. ಈ ಸಲ ಡ್ರಮ್ಮಿಗೆ ಕೌದಿ ಹೊದಿಸಿದ್ದೆ, ಓಣಿಯವರ ಮೇಲಿನ ಕರುಣೆಯಿಂದ. ಮಗ್ಗದಲ್ಲಿ ಒಂದು ಗುಣವಿದೆ: ಎಳೆ ಹರಿದರೆ ಸದ್ದು ನಿಂತುಬಿಡುತ್ತದೆ. ಎಳೆ ಕೂಡಿಸಿ ಮತ್ತೆ ಶುರುಮಾಡುವವರೆಗೆ ನಾನು ಒಬ್ಬಳೇ ಬಾರಿಸುತ್ತ ಹೋಗಬೇಕು. ಮಗ್ಗ ಮತ್ತೆ ದನಿ ತೆಗೆದಾಗ ಗೊತ್ತಾಗುತ್ತಿತ್ತು, ಈ ನಡುವೆ ನಾನೆಷ್ಟು ಓಡಿದ್ದೇನೆಂದು. ಮೊದಮೊದಲು ಯಾವಾಗಲೂ ಓಡಿರುತ್ತಿದ್ದೆ. ಒಬ್ಬರೇ ಇದ್ದಾಗ ಮನುಷ್ಯರಿಗೆ ಅಷ್ಟು ಅವಸರವೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಮಳೆಗಾಲ ಕಳೆದು, ಚಳಿ ಕಳೆದು, ಬಿಸಿಲು ಬಂದ ಮೇಲೆ ಒಂದು ಬೆಳಿಗ್ಗೆ ಮಗ್ಗ ನಿಂತು ಮತ್ತೆ ಶುರುವಾದಾಗ ಅದರ ಖಟ್ ನನ್ನ ಪೆಟ್ಟಿನ ಮೇಲೆಯೇ ಬಂದು ಕೂತಿತು. ಮಾಳಿಗೆಯ ಮೇಲೆ ಒಬ್ಬಳೇ ಕುಣಿದೆ.

ಕಣ್ಣಂಚಿನಿಂದ ನೋಡುವುದನ್ನು ರಜೆಯಲ್ಲಿ ರಾಜೂರಿನ ಹೊಲದಲ್ಲಿ ಕಲಿತೆ. ಅರ್ಧ ಡ್ರಮ್ಮನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋಗಿದ್ದೆ. ಹರಗಿ ಬಿಟ್ಟ ಎರೆಹೊಲದ ಬದುವಿನ ಮೇಲೆ ಮುಂದೆ ನೋಡದೆ, ಬದಿಯ ಗಿಡ, ಕಲ್ಲು, ಗೂಟಗಳನ್ನು ನೋಡಿಕೊಂಡೇ ನೆಟ್ಟಗೆ ನಡೆಯುವುದು. ಎಷ್ಟು ಸಲ ಬದುವಿನಿಂದ ಉರುಳಿದೆನೋ! ಅಜ್ಜಿ ಗಿಡದ ನೆರಳಿನಲ್ಲಿ ಕೂತು ನೋಡುತ್ತಿದ್ದಳು. ಒಮ್ಮೆ, "ಇದನ್ನ ಕಲ್ತ್ರ ಏನ ಸಿಗ್ತೈತಿ?" ಎಂದು ಕೇಳಿದಳು.

"ಮುಂದ ನಡ್ಯಾಕ ಸಿಗ್ತೈತಿ."

"ಅಷ್ಟನ?" ಎಂದಳು. ಆಮೇಲೆ, "ನಮಗ ಅದೂ ಸಿಗ್ಲಿಲ್ಲ ಬಿಡು" ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದಳು.

ಸೀರೆಯ ಪಟ್ಟಿ ಹೆಗಲು ಕೊಯ್ದು ಗಾಯವಾಗಿತ್ತು. ಯಾರಿಗೂ ತೋರಿಸಿರಲಿಲ್ಲ. ಒಂದು ದಿನ ಮಾಳಿಗೆಗೆ ಹೋಗಿ ನೋಡಿದರೆ ನನ್ನ ಡ್ರಮ್ಮಿಗೆ ಹೊಸ ಪಟ್ಟಿ ಕಟ್ಟಿತ್ತು. ಸೀರೆಯ ಗಂಟು ಬಿಗಿಯುವ ಅಗಲ ಪಟ್ಟಿಯನ್ನು ಎರಡು ಪದರು ಮಾಡಿ, ಹೆಗಲಿಗೆ ಬರುವಲ್ಲಿ ಒಳಗೆ ಅರಳೆ ಇಟ್ಟು ಹೊಲಿದದ್ದು. ಅಂಥ ಪಟ್ಟಿ ಇರುವುದು ಅಂಗಡಿಯಲ್ಲಿ ಮಾತ್ರ. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ನೋಡಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಪಕ್ಕದಲ್ಲೇ ದೊಡ್ಡಪ್ಪ ಕೂತಿದ್ದರು.

ಪದವಿಯ ಕೊನೆಯ ವರ್ಷ. ಈ ಸಲ ತಪ್ಪಿದರೆ ಮತ್ತೆ ಹೋಗುವಂತಿಲ್ಲ. ಆಯ್ಕೆಯ ದಿನ ಕಾಲೇಜಿನಿಂದ ಬೇರೆ ಯಾರೂ ಹೊರಡಲಿಲ್ಲ, ಸರ್ ಕೂಡ ಪರೀಕ್ಷೆಯ ಕೆಲಸದಲ್ಲಿದ್ದರು. ಹಿಂದಿನ ಸಂಜೆ ದೊಡ್ಡಪ್ಪ, "ಆಕಿ ಜೋಡಿ ಈ ಮನಿಯಿಂದ ಯಾರೂ ಹೋಗೂ ಹಂಗಿಲ್ಲ. ಒಬ್ಬಾಕಿನ್ನ ಕಳಸೂ ಹಂಗೂ ಇಲ್ಲ" ಎಂದು ಹೇಳಿ, ಮಾತು ಮುಗಿಯಿತೆಂಬಂತೆ ಎದ್ದುಹೋದರು. ನಾನು ಒಬ್ಬಳೇ ಹೋಗುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅವ್ವ ಬುತ್ತಿಯ ಗಂಟು ಹಿಡಿದು ಹೊರಗೆ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು.

"ಎಲ್ಲಿಗವಾ?"

"ಬಸ್ ಸ್ಟ್ಯಾಂಡಿಗೆ."

ಬಸ್ ಬಂತು. ಅವ್ವ ನನಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು. "ದೊಡ್ಡಪ್ಪಾರು ಬೈತಾರವಾ" ಎಂದೆ. "ಬೈಲಿ. ಅವ್ರ ಬೈಗುಳ ನಾನೂ ಕೇಳಿಲ್ಲೇನ? ಕಿವಿ ಏನ ಹರೀಲಿಲ್ಲ" ಎಂದಳು.

ಮೈದಾನದಲ್ಲಿ ಸಂಜೆಯ ಹೊತ್ತಿಗೆ ದೊಡ್ಡ ಡ್ರಮ್ಮಿಗೆ ಉಳಿದವರು ಇಬ್ಬರು. ನಾನು, ಮತ್ತು ನಂದಿತಾ ಎಂಬ ಶಹರದ ಹುಡುಗಿ. ನನಗಿಂತ ಒಂದು ಗೇಣು ಎತ್ತರ. ಡ್ರಮ್ಮು ಅವಳಿಗೆಂದೇ ಅಳತೆ ತೆಗೆದು ಮಾಡಿಸಿದಂತಿತ್ತು. ಒಬ್ಬೊಬ್ಬರಾಗಿ ಅದೇ ಗುಂಪಿನ ಜೊತೆ ಮೈದಾನ ಸುತ್ತಬೇಕು. ಗುಂಪಿನಲ್ಲಿದ್ದವರೂ ಆಯ್ಕೆಗೆ ಬಂದವರೇ, ಎಲ್ಲರಿಗೂ ಪುಕುಪುಕು. ನಂದಿತಾ ಮೊದಲು ನಡೆದಳು. ಅರ್ಧ ದಾರಿಯಲ್ಲಿ ಕಹಳೆಯವರು ಅವಸರಕ್ಕೆ ಬಿದ್ದರು. ನಂದಿತಾ ಜಾಣೆ. ತಕ್ಷಣ ಅವರ ವೇಗಕ್ಕೆ ಕೈ ಕೂಡಿಸಿದಳು. ಎಲ್ಲ ಒಟ್ಟಿಗೆ ಸೊಗಸಾಗಿಯೇ ಕೇಳಿಸಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ನನ್ನ ಸರದಿ ಬಂತು. ಮುಂದೆ ಅದೇ ಆಕಾಶ. ಕಣ್ಣಂಚಿನಲ್ಲಿ ಎಡಗಡೆಯವಳ ಭುಜ, ಬಲಗಡೆಯವನ ಮೊಣಕೈ. ಅವರ ಭುಜ ಓರೆಯಾದರೆ ನಾನೂ ಓರೆ. ಮೊದಲ ತಿರುವು ದಾಟಿತು. ಎರಡನೆಯದೂ. ಆಮೇಲೆ ಕಹಳೆಯವರು ಮತ್ತೆ ಓಡಿದರು. ಅವರ ಹಿಂದೆ ಸಣ್ಣ ಡ್ರಮ್ಮುಗಳೂ ಓಡಿದವು. ನಾನು ಓಡಲಿಲ್ಲ. ಆಗ ಆದದ್ದು ರಾಮರಾದ್ಧಾಂತ. ಅವರದೊಂದು ತಾಳ, ನನ್ನದೊಂದು ತಾಳ. ಕೆಲವರ ಕಾಲು ಅವರ ಕಡೆ, ಕೆಲವರದು ನನ್ನ ಕಡೆ. ಪಕ್ಕದವಳು ಹಲ್ಲು ಕಚ್ಚಿ, "ಏ, ಲಗೂ ಬಾರ್ಸು!" ಎಂದಳು. ಸುತ್ತಲೂ ಗುಸುಗುಸು ಎದ್ದಿತು. ಬಿಟ್ಟುಕೊಟ್ಟರೆ ಒಂದೇ ಕ್ಷಣದಲ್ಲಿ ಎಲ್ಲ ಸರಿಹೋಗುತ್ತಿತ್ತು. ಅವರೆಲ್ಲರ ಜೊತೆ ನಾನೂ ಒಬ್ಬಳಾಗಿಬಿಡುತ್ತಿದ್ದೆ. ಬದಲಿಗೆ ಇನ್ನಷ್ಟು ಗಟ್ಟಿಯಾಗಿ ಅದೇ ಜಾಗದಲ್ಲಿ ಪೆಟ್ಟು ಹಾಕುತ್ತ ಹೋದೆ.

ಮೊದಲು ನನ್ನ ಹಿಂದಿನ ಸಣ್ಣ ಡ್ರಮ್ ಒಂದು ತಡವರಿಸಿ ನನ್ನ ಕಡೆ ಬಂತು. ಆಮೇಲೆ ಅದರ ಪಕ್ಕದ್ದು. ಹಿಂದಿನ ಸಾಲಿನ ಕಾಲುಗಳು ಸರಿಯಾದವು. ಕೊನೆಗೆ ಕಹಳೆಯವರು ಉಸಿರು ತೆಗೆದುಕೊಳ್ಳಲು ನಿಂತರು, ಮತ್ತೆ ಊದುವಾಗ ನನ್ನ ಪೆಟ್ಟಿನ ಮೇಲೆ ಹತ್ತಿದರು. ಮೈದಾನದ ಕೊನೆಯ ಬದಿಯನ್ನು ಅಷ್ಟೂ ಮಂದಿ ಒಂದೇ ಹೆಜ್ಜೆಯಲ್ಲಿ ನಡೆದು ಮುಗಿಸಿದೆವು. ಚಪ್ಪಾಳೆ ಬೀಳಲಿಲ್ಲ. ಮರದ ಬುಡದಲ್ಲಿದ್ದ ಅವ್ವನ ಬಳಿ ಹೋದರೆ ಅವಳ ಮುಖ ಬಾಡಿತ್ತು. "ಹೋಗ್ಲಿ ಬಿಡು. ಎಲ್ಲಾರೂ ಸರಿ ಬಾರ್ಸಾಕತ್ತಿದ್ರು, ನೀ ಒಬ್ಬಾಕಿನ ನಡಕ ಯಾಕೋ ತಪ್ಪಿದಿ. ಬುತ್ತಿ ಉಣ್ಣು" ಎಂದಳು.

ರೊಟ್ಟಿ ಮುರಿಯುವಷ್ಟರಲ್ಲಿ ಮಾಸ್ತರರು ಕರೆಸಿದರು.

"ನಡಕ ಮಂದಿ ಎಲ್ಲಾ ನಿನ್ನ ಬಿಟ್ಟು ಹೋದ್ರಲ್ಲ, ಅಂಜಿಕಿ ಬರ್ಲಿಲ್ಲೇನು?"

"ಬಂತ್ರಿ."

"ಮತ್ತ?"

"ಅಂಜಿಕೋತನ ಬಾರ್ಸಿದ್ನಿರಿ."

ಅವರ ಮೀಸೆ ಸ್ವಲ್ಪ ಅಲುಗಿತು. "ನಾಳಿಂದಲ್ಲ, ಇವತ್ತಿಂದನ ಅಭ್ಯಾಸ. ಸೀಟಿ ಊದಿದ ಕೂಡ್ಲೆ ಡ್ರಮ್ ಕಟಗೊಂಡು ಬಾ" ಎಂದರು. ನಂದಿತಾಗೆ ಹಿತ್ತಾಳೆಯ ಜೋಡಿ ತಾಳ ಕೊಟ್ಟರು. ನನ್ನ ಬಲಗಡೆಗೆ ನಿಲ್ಲುವವಳು ಅವಳೇ ಆದಳು. ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ತಿರುವು ಬಂದಾಗ ಮಾತ್ರ ನನಗೆ ಕಾಣುವಂತೆ ಭುಜವನ್ನು ಚೂರು ಹೆಚ್ಚೇ ಓರೆ ಮಾಡುತ್ತಿದ್ದಳು.

ಸುದ್ದಿ ಕೇಳಿ ಅವ್ವ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು. ಆಮೇಲೆ, "ನಿಮ್ಮಪ್ಪಗ ಫೋನ್ ಹಚ್ಚು" ಎಂದಳು.

ಅಪ್ಪ ಫೋನ್ ಎತ್ತಿದರು. ಹಿಂದೆ ಅಂಗಡಿಯ ಗದ್ದಲ, ಗಿರಾಕಿ ಹೆಂಗಸರ ಮಾತು, ದೊಡ್ಡಪ್ಪನ ದನಿ.

"ಅಪ್ಪಾ, ನನ್ನ ತಗೊಂಡ್ರಿ."

"ಒಂದ ನಿಮಿಷ ತಡಿ" ಎಂದರು. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಆಮೇಲೆ ಒಂದು ದನಿ ಕೇಳಿಸಿತು. ಅದು ಯಾರದೆಂದು ತಿಳಿಯಲು ನನಗೆ ಚೂರು ಹೊತ್ತು ಹಿಡಿಯಿತು. ಅಷ್ಟು ದೊಡ್ಡದಾಗಿ ಅದನ್ನು ನಾನು ಎಂದೂ ಕೇಳಿರಲಿಲ್ಲ.

"ಅಣ್ಣಾ, ಒಂದೀಟ ಮಾತ ನಿಲ್ಸು. ಎಲ್ಲಾರೂ ಕೇಳ್ರಿಲ್ಲೆ. ನಮ್ಮ ಹುಡುಗಿ ವಿಶ್ವವಿದ್ಯಾಲಯದ ಬ್ಯಾಂಡಿನಾಗ ಡೋಲ ಬಾರಸ್ತಾಳ್ರೀ. ಹೌದು, ಡೋಲು! ಇಡೀ ಬ್ಯಾಂಡಿಗೆ ಆಕಿ ಒಬ್ಬಾಕಿನ!"

ಯಾರೋ ಹೆಂಗಸು, "ಅಯ್ಯ ಶಿವನ, ಖರೇನ?" ಎಂದಳು. ದೊಡ್ಡಪ್ಪ ಏನೆಂದರೋ ಕೇಳಿಸಲಿಲ್ಲ. ಏನಾದರೂ ಅಂದರೋ ಇಲ್ಲವೋ, ಅದೂ ತಿಳಿಯಲಿಲ್ಲ. ಅಷ್ಟರಲ್ಲಿ ಮೈದಾನದ ನಡುವಿನಿಂದ ಮಾಸ್ತರರ ಸೀಟಿ ಬಂತು. ನಾನು ಫೋನ್ ಕಟ್ ಮಾಡಲಿಲ್ಲ. ಹಾಗೇ ಅವ್ವನ ಕೈಗೆ ಕೊಟ್ಟು, "ಈ ಕಡಿ ಹಿಡಕೊಂಡು ಕೂಡವಾ, ಅವ್ರಿಗೂ ಕೇಳ್ಸಲಿ" ಎಂದು ಹೇಳಿ, ಡ್ರಮ್ಮಿನ ಕಡೆ ಓಡಿದೆ.